ನಿರ್ಜನ ದಾರಿಯಲ್ಲಿ ಮತ್ತೊಬ್ಬ ಸವಾರ ಎದುರಾದಾಗ: ಕಲಬುರಗಿ, ಬೀದರ್, ಯಾದಗಿರಿ ರಸ್ತೆಗಳಿಗೊಂದು ಮಾರ್ಗದರ್ಶಿ

ಮಳೆಗಾಲ ಮುಗಿದು ರಸ್ತೆಗಳು ಒಣಗಿದೊಡನೆ ನನಗೆ ಬರುವ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತದೆ. ಒಬ್ಬರೇ ಬೈಕಿನಲ್ಲಿ ಹೊರಟಿರುತ್ತಾರೆ. ಸೇಡಂ ದಾಟಿಯೋ ಸುರಪುರ ಬಿಟ್ಟ ಮೇಲೋ ಹೊಲಗಳ ನಡುವೆ, ಸಾಮಾನು ಹೇರಿದ ಗಾಡಿಯ ಪಕ್ಕದಲ್ಲಿ ಒಬ್ಬ ಅಪರಿಚಿತ ಸವಾರ ನಿಂತಿರುವುದು ಕಾಣುತ್ತದೆ. ನಿಲ್ಲಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತಾರೆ. ಆಮೇಲೆ ದಿನವಿಡೀ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಪತ್ರಕ್ಕೊಂದು ಪತ್ರ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುವುದು ಮೇಲೆಂದು ಈ ಲೇಖನ.

ನಮ್ಮ ಭಾಗದ ರಸ್ತೆಗಳಿಗೆ ಎರಡು ಮುಖಗಳಿವೆ. ಪುಣೆ, ಸೊಲ್ಲಾಪುರಗಳಿಂದ ಹುಮನಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಬೀದರ್‌ನಿಂದ ಕಲಬುರಗಿ, ಜೇವರ್ಗಿಗಳ ಮೇಲೆ ವಿಜಯಪುರದ ಕಡೆಗೆ ಇಳಿಯುವ ಹೆದ್ದಾರಿ 50, ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೂಲಕ ದಕ್ಷಿಣಕ್ಕೆ ಸಾಗುವ 150ಎ, ಇವುಗಳ ಮೇಲೆ ಕೆಟ್ಟು ನಿಂತವರಿಗೆ ಒಂದಲ್ಲ ಒಂದು ನೆರವು ಸಿಗುತ್ತದೆ. ಆದರೆ ದೂರದ ಸವಾರರು ಇಲ್ಲಿಗೆ ಬರುವುದು ಹೆದ್ದಾರಿಗಾಗಿ ಅಲ್ಲ. ಸನ್ನತಿಯ ಬೌದ್ಧ ನೆಲೆ, ಕಾಗಿಣಾ ತೀರದ ಮಳಖೇಡದ ಕೋಟೆ, ಚಿಂಚೋಳಿಯ ಕಾಡು, ನಾರಾಯಣಪುರದ ಬಸವಸಾಗರ ಇವೆಲ್ಲ ಹೆದ್ದಾರಿಯಿಂದ ಒಳಗೆ ಸರಿದ ಜಾಗಗಳು. ಆ ಒಳದಾರಿಗಳಲ್ಲಿ ಮೊಬೈಲ್ ಸಂಕೇತ ಬಂದು ಹೋಗುತ್ತಿರುತ್ತದೆ, ಪೆಟ್ರೋಲ್ ಪಂಪ್ ಅಪರೂಪ, ಮಧ್ಯಾಹ್ನದ ಹೊತ್ತು ಹೊಲದಲ್ಲೂ ಜನರಿರುವುದಿಲ್ಲ. ಅಲ್ಲಿ ಕೆಟ್ಟು ನಿಂತವನ ಪಾಲಿಗೆ ಮುಂದಿನ ಸಹಾಯ ಎಂದರೆ ಆ ದಾರಿಯಲ್ಲಿ ಬರುವ ಮುಂದಿನ ಸವಾರನೇ. ಆದ್ದರಿಂದ ನಿಲ್ಲಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಆದರೆ ಎಲ್ಲಿ ಮತ್ತು ಹೇಗೆ ನಿಲ್ಲಬೇಕೆಂಬುದನ್ನು ತಿಳಿಯದೆ ನಿಂತರೆ ಒಬ್ಬರ ತೊಂದರೆ ಇಬ್ಬರದಾಗುತ್ತದೆ.

ಜೊತೆಗೆ ಇರಬೇಕಾದ ವಸ್ತುಗಳು

ಇವು ನಿಮಗೂ ಬೇಕು, ಎದುರಾದವರಿಗೂ ಬೇಕಾಗಬಹುದು: ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಕಿಟ್, ಗಾಳಿ ಹಾಕುವ ಕಾಲುಪಂಪ್ ಅಥವಾ ಬ್ಯಾಟರಿಯಿಂದ ಓಡುವ ಸಣ್ಣ ಪಂಪ್, ನಿಮ್ಮ ಗಾಡಿಯ ಅಳತೆಯ ಪಾನಾಗಳು, ಹೆಚ್ಚುವರಿ ಕ್ಲಚ್ ಕೇಬಲ್, ಎರಡು ಫ್ಯೂಸ್, ಒಂದು ಮೀಟರ್ ಪೆಟ್ರೋಲ್ ಪೈಪು, ಬ್ಯಾಟರಿಗೆ ಜೋಡಿಸುವ ಜಂಪರ್ ವಯರ್, ಟಾರ್ಚ್, ಓಆರ್‌ಎಸ್ ಪೊಟ್ಟಣಗಳು ಮತ್ತು ಸ್ವಂತಕ್ಕೆ ಬೇಕಾದುದಕ್ಕಿಂತ ಕನಿಷ್ಠ ಒಂದು ಲೀಟರ್ ಹೆಚ್ಚು ಕುಡಿಯುವ ನೀರು. ಇದಕ್ಕೆ ನಾನು ಸೇರಿಸುವುದು ಅಂಗೈ ಅಗಲದ ಒಂದು ಶಹಾಬಾದ್ ಪರಸಿಯ, ಅಂದರೆ ಚಪ್ಪಟೆ ಹಾಸುಗಲ್ಲಿನ, ತುಂಡು. ಅದರ ಉಪಯೋಗವನ್ನು ಎರಡನೆಯ ಹಂತದಲ್ಲಿ ಹೇಳುತ್ತೇನೆ.

1. ದೂರದಿಂದಲೇ ಪರಿಸ್ಥಿತಿಯನ್ನು ಓದಿ

ನಿಂತ ಗಾಡಿ ಕಂಡೊಡನೆ ವೇಗ ತಗ್ಗಿಸಿ, ಕನ್ನಡಿಯಲ್ಲಿ ಹಿಂದೆ ನೋಡಿ. ಸವಾರ ಬೇವಿನ ನೆರಳಲ್ಲಿ ಹೆಲ್ಮೆಟ್ ತೆಗೆದು ನೀರು ಕುಡಿಯುತ್ತಿದ್ದರೆ ಅದು ವಿಶ್ರಾಂತಿ. ನೆರಳಿಲ್ಲದ ಕಡೆ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದರೆ, ಸಾಮಾನನ್ನು ಕೆಳಗಿಳಿಸಿದ್ದರೆ, ಅಥವಾ ಫೋನನ್ನು ಮೇಲೆತ್ತಿ ಅತ್ತಿತ್ತ ಓಡಾಡುತ್ತಿದ್ದರೆ ಅದು ತೊಂದರೆ. ಹೆಲ್ಮೆಟ್ಟನ್ನು ಗಾಡಿಯ ಹಿಂದೆ ನೆಲದ ಮೇಲಿಟ್ಟರೆ ಸಹಾಯ ಬೇಕೆಂದು ಅರ್ಥ ಎಂಬ ರೂಢಿ ಹೊರದೇಶದ ಕೆಲವು ಸವಾರರಲ್ಲಿದೆ. ನಮ್ಮಲ್ಲಿ ಅದು ಎಲ್ಲರಿಗೂ ತಿಳಿದಿಲ್ಲವಾದ್ದರಿಂದ ಅದನ್ನೇ ಕಾಯಬೇಡಿ.

ಅನುಮಾನವಿದ್ದಾಗ ಹೆಬ್ಬೆರಳು ಎತ್ತಿ, ತಲೆಯಾಡಿಸಿ ಕೇಳಿ. ಅವರೂ ಹೆಬ್ಬೆರಳು ಎತ್ತಿದರೆ ಎಲ್ಲ ಸರಿಯಿದೆ, ನೀವು ಸಾಗಬಹುದು. ಬಲಗೈ ಎಕ್ಸಿಲರೇಟರಿನ ಮೇಲಿರುವುದರಿಂದ ಎಡಗೈಯಲ್ಲೇ ಸನ್ನೆ ಮಾಡಬೇಕಾಗುತ್ತದೆ. ಎದುರಿನಿಂದ ಬರುವವರು ನಮ್ಮ ಬಲಕ್ಕೆ ಇರುವುದರಿಂದ ಆ ಕೈಯನ್ನು ಭುಜಕ್ಕಿಂತ ಮೇಲೆತ್ತದಿದ್ದರೆ ಅವರಿಗೆ ಕಾಣುವುದಿಲ್ಲ. ಕಲ್ಲು, ಗುಂಡಿಗಳಿರುವ ಕಡೆ ಕೈ ಬಿಡುವ ಅಗತ್ಯವಿಲ್ಲ; ತಲೆ ಬಾಗಿಸಿದರೆ ಸಾಕು.

ಎಚ್ಚರಿಕೆ: ಕತ್ತಲಾಗಿದ್ದರೆ, ಅಥವಾ ನಿಂತವರ ಸುತ್ತ ಗಾಡಿಗೆ ಸಂಬಂಧವಿಲ್ಲದಂತೆ ಕಾಣುವ ಹಲವರಿದ್ದು ನಿಮಗೆ ಅಳುಕೆನಿಸಿದರೆ, ನಿಲ್ಲದೇ ಮುಂದಿನ ಊರಿಗೆ ಹೋಗಿ ಜನರಿಗೆ ತಿಳಿಸಿ ಅಥವಾ 112ಕ್ಕೆ ಕರೆ ಮಾಡಿ. ಅದೂ ಸಹಾಯವೇ. ಒಂಟಿಯಾಗಿ ಸಾಗುವ ಮಹಿಳೆಯರು ಈ ವಿಷಯದಲ್ಲಿ ತಮ್ಮ ಮನಸ್ಸಿನ ಮಾತನ್ನು ಯಾರಿಗೂ ಸಮರ್ಥಿಸಿಕೊಳ್ಳಬೇಕಾಗಿಲ್ಲ.

2. ನಿಲ್ಲುವ ಜಾಗವನ್ನು ಆರಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಕಂಡ ಕೂಡಲೇ ಬ್ರೇಕ್ ಹಾಕಿ, ಕೆಟ್ಟ ಗಾಡಿಯ ಪಕ್ಕದಲ್ಲೇ ಅರ್ಧ ಡಾಂಬರಿನ ಮೇಲೆ ನಿಲ್ಲಿಸುತ್ತಾರೆ. ವಾಡಿ, ಶಹಾಬಾದ್, ಸೇಡಂ ಸುತ್ತ ಸಿಮೆಂಟ್ ಲಾರಿಗಳು ಎಬ್ಬಿಸುವ ದೂಳಿನಲ್ಲಿ, ಅಫಜಲಪುರದ ಕಡೆ ಹಿಂದೀಪವಿಲ್ಲದೆ ಕಬ್ಬು ಹೇರಿಕೊಂಡು ಬರುವ ಟ್ರಾಕ್ಟರುಗಳ ನಡುವೆ, ಜೋಡಿ ಗಾಡಿಗಳು ಹಿಂದಿನಿಂದ ಬರುವವರಿಗೆ ಕೊನೆಯ ಗಳಿಗೆಯಲ್ಲಿ ಕಾಣಿಸುತ್ತವೆ. ಕೆಟ್ಟ ಗಾಡಿಯನ್ನು ದಾಟಿ 20-30 ಮೀಟರ್ ಮುಂದೆ, ತಿರುವು ಅಥವಾ ಸೇತುವೆಯ ತುದಿಯಲ್ಲದ ಕಡೆ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ನಿಮ್ಮ ಗಾಡಿಗೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ದೀಪವಿದ್ದರೆ ಹಾಕಿ. ಕೆಟ್ಟ ಗಾಡಿಯನ್ನೂ ಇಬ್ಬರೂ ಸೇರಿ ಡಾಂಬರಿನಿಂದ ಕೆಳಗಿಳಿಸುವುದೇ ಮೊದಲ ಕೆಲಸ, ರಿಪೇರಿ ಆಮೇಲೆ.

ಆದರೆ ರಸ್ತೆಯಿಂದ ಇಳಿಯುವಾಗ ಕಾಲ ಕೆಳಗಿನ ಮಣ್ಣು ಯಾವುದೆಂದು ನೋಡಿ. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ನೆಲ ಗಾಡಿಯ ಭಾರ ತಾಳುತ್ತದೆ. ಕಲಬುರಗಿ, ಯಾದಗಿರಿಯ ಎರೆ ಭೂಮಿಯ ಮಾತು ಬೇರೆ. ಮಳೆ ಬಿದ್ದ ಎರೆ ಅಂಟಾಗಿ ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ತುಂಬಿಕೊಂಡು ಚಕ್ರವನ್ನೇ ಕಟ್ಟಿಹಾಕುತ್ತದೆ. ಆಗ ನಿಮ್ಮದೂ ಕೆಟ್ಟ ಗಾಡಿಯೇ ಆಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಉಳಿದಿರುತ್ತದೆ, ಸೈಡ್ ಸ್ಟ್ಯಾಂಡ್ ನಿಧಾನವಾಗಿ ಇಳಿದು, ಸಾಮಾನು ತುಂಬಿದ ಗಾಡಿ ನೀವು ಬೆನ್ನು ತಿರುಗಿಸಿದ ಮೇಲೆ ಮಗುಚುತ್ತದೆ. ಶಹಾಪುರದ ಹತ್ತಿರ ಒಬ್ಬರಿಗೆ ಗಾಳಿ ಹಾಕಿಕೊಡಲು ನಿಂತಿದ್ದಾಗ ನನ್ನ ಗಾಡಿ ಹೀಗೆ ಬಿದ್ದು ಕ್ಲಚ್ ಲಿವರ್ ಮುರಿಯಿತು. ಅಂದಿನಿಂದ ಪರಸಿಯ ತುಂಡನ್ನು ಸ್ಟ್ಯಾಂಡಿನ ಕೆಳಗೆ ಕೊಡದೆ ನಾನು ಗಾಡಿ ನಿಲ್ಲಿಸಿಲ್ಲ. ಮೇ ತಿಂಗಳ ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೂ ಇದೇ ಉಪಾಯ.

ಇನ್ನೊಂದು, ರಾಶಿಯ ಕಾಲದ ಮಾತು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ರಸ್ತೆಯ ಅಂಚಿನಲ್ಲಿ ಹೊಟ್ಟು, ಕಟ್ಟಿಗೆ ಹರಡಿರುತ್ತದೆ. ಬಿಸಿ ಸೈಲೆನ್ಸರನ್ನು ಅದರ ಮೇಲೆ ತಂದು ನಿಲ್ಲಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಒಬ್ಬ ರೈತನ ವರ್ಷದ ದುಡಿಮೆ ಅಲ್ಲಿ ಬಿದ್ದಿರುತ್ತದೆ.

3. ಮೊದಲ ಮಾತು

ಹೆಲ್ಮೆಟ್ ತೆಗೆದು, ಮುಖ ಕಾಣುವಂತೆ ನಡೆದುಹೋಗಿ. ಮುಖ ಮುಚ್ಚಿದ ಅಪರಿಚಿತ ಹತ್ತಿರ ಬಂದರೆ ಯಾರಿಗೂ ಭಯವಾಗುತ್ತದೆ. ಕೆಲವು ಹೆಜ್ಜೆ ದೂರದಲ್ಲೇ ನಿಂತು "ಏನಾಗ್ಯಾದ್ರೀ ಅಣ್ಣಾರ?" ಎಂದೋ, "ಏನರೆ ಬೇಕೇನ್ರೀ ಅಕ್ಕಾರ?" ಎಂದೋ ಕೇಳಿದರೆ ಸಾಕು. ಬೇಡವೆಂದರೆ ಒಂದು ಬಾಟಲಿ ನೀರು ಬೇಕೇ ಎಂದು ಕೇಳಿ ಹೊರಡಿ, ಒತ್ತಾಯ ಮಾಡಬೇಡಿ. ಕನ್ನಡ ಬರದವರಾದರೆ ಹಿಂದಿ ಅಥವಾ ನಮ್ಮ ದಖ್ಖನಿ ಉರ್ದು ನಡೆಯುತ್ತದೆ. ಬೀದರ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಬಲ್ಲವರು ಯಾವ ಊರಲ್ಲೂ ಸಿಗುತ್ತಾರೆ.

ಎಲ್ಲಿಂದ ಬಂದಿರಿ, ಗಾಡಿ ಎಷ್ಟು ಸಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ಎಲ್ಲಿ ಉಳಿಯುತ್ತೀರಿ, ಒಬ್ಬರೇ ಇದ್ದೀರಾ ಎಂದು ಮೊದಲ ಭೇಟಿಯಲ್ಲಿ ಕೇಳಬಾರದು. ಪ್ರೀತಿಯಿಂದ ಕೇಳಿದರೂ ಕೇಳಿಸಿಕೊಂಡವರಿಗೆ ಅದು ವಿಚಾರಣೆಯಂತೆ ತೋರುತ್ತದೆ. ಮಹಿಳಾ ಸವಾರರಲ್ಲಿ ಇದನ್ನು ಕೇಳಲೇಬೇಡಿ. ಫೋಟೊ ತೆಗೆಯುವ ಮುನ್ನ ಅನುಮತಿ ಪಡೆಯಿರಿ, ತೆಗೆದದ್ದನ್ನು ಅವರು ಆ ಊರು ಬಿಡುವವರೆಗೆ ಎಲ್ಲಿಯೂ ಹಂಚಬೇಡಿ. ನಿಮ್ಮ ಕೀಲಿ, ಫೋನು, ಹಣ ನಿಮ್ಮ ಮೈಮೇಲೆಯೇ ಇರಲಿ.

4. ಗಾಡಿ ಕೆಟ್ಟಿದ್ದರೆ

ಈ ದಾರಿಗಳಲ್ಲಿ ಗಾಡಿ ನಿಲ್ಲಲು ಮೂರು ಕಾರಣಗಳೇ ಹೆಚ್ಚು: ಜಾಲಿ ಮುಳ್ಳು, ಖಾಲಿ ಟ್ಯಾಂಕು, ಸತ್ತ ಬ್ಯಾಟರಿ.

ಪಂಕ್ಚರ್ ಆಗಿದ್ದರೆ ಟೈರ್ ಯಾವ ಬಗೆಯದೆಂದು ಮೊದಲು ತಿಳಿಯಿರಿ. ಟ್ಯೂಬ್‌ಲೆಸ್ ಎಂದರೆ ಒಳಗೆ ಬೇರೆ ಟ್ಯೂಬ್ ಇಲ್ಲದೆ ಟೈರೇ ಗಾಳಿ ಹಿಡಿದಿಡುವ ಬಗೆ. ತಂತಿ ಕಡ್ಡಿಗಳ ಚಕ್ರದಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಅಂಟು ಹಚ್ಚಿದ ಪಟ್ಟಿ ಸೂಜಿಗೆ ಪೋಣಿಸಿ ಕೈಯಲ್ಲಿ ಸಿದ್ಧವಾಗುವವರೆಗೆ ಮುಳ್ಳನ್ನಾಗಲಿ ಮೊಳೆಯನ್ನಾಗಲಿ ಕೀಳಬೇಡಿ. ಕಿತ್ತ ತಕ್ಷಣ ರೀಮರನ್ನು, ಅಂದರೆ ತೂತನ್ನು ಉಜ್ಜಿ ಒರಟು ಮಾಡುವ ಅರದಂಥ ಸಲಕರಣೆಯನ್ನು, ಅದೇ ಕೋನದಲ್ಲಿ ಆಡಿಸಿ, ಪಟ್ಟಿಯನ್ನು ಮುಕ್ಕಾಲು ಭಾಗ ಒಳಗೆ ತಳ್ಳಿ ಸೂಜಿಯನ್ನು ಥಟ್ಟನೆ ಹೊರಗೆಳೆಯಿರಿ. ಗಾಳಿ ಹಾಕಿದ ಮೇಲೆ ಆ ಜಾಗಕ್ಕೆ ಎಂಜಲು ಅಥವಾ ನೀರು ಹಚ್ಚಿ ಗುಳ್ಳೆ ಬರುವುದೇ ನೋಡಿ. ಟೈರಿನ ಪಕ್ಕೆಯಲ್ಲಿ, ಅಂದರೆ ನೆಲಕ್ಕೆ ತಾಗದ ಭಾಗದಲ್ಲಿ, ತೂತಾಗಿದ್ದರೆ ಈ ಪಟ್ಟಿಯನ್ನು ನಂಬಿ ದೂರ ಹೋಗುವಂತಿಲ್ಲ. ಟ್ಯೂಬ್ ಇರುವ ಟೈರನ್ನು ಬಿಸಿಲಲ್ಲಿ ಬಿಚ್ಚಿ ತೇಪೆ ಹಚ್ಚಹೋಗುವ ಬದಲು, ಚಕ್ರವನ್ನಷ್ಟೇ ಕಳಚಿಕೊಂಡು ನಿಮ್ಮ ಗಾಡಿಯ ಹಿಂದೆ ಅವರನ್ನು ಕೂರಿಸಿಕೊಂಡು ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿಬರುವುದು ಜಾಣತನ. ಉಳಿದ ಗಾಡಿಯನ್ನು ಸಮೀಪದ ಹೊಲದವರಿಗೋ ತಾಂಡಾದವರಿಗೋ ಒಪ್ಪಿಸಿ ಹೋದರೆ ಅವರು ಅದನ್ನು ತಮ್ಮದೇ ಎಂಬಂತೆ ಕಾಯುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಪೆಟ್ರೋಲ್ ಮುಗಿದಿದ್ದರೆ, ಕೊಡುವ ಮೊದಲು ನಿಮ್ಮ ಟ್ಯಾಂಕಿನಲ್ಲಿ ಉಳಿಯುವುದು ಮುಂದಿನ ಪಂಪಿಗೆ ಸಾಕೇ ಎಂದು ಲೆಕ್ಕ ಹಾಕಿ. ಒಂದು ಲೀಟರ್ ಸಾಮಾನ್ಯ ಬೈಕಿಗೆ 35-50 ಕಿ.ಮೀ. ದಾರಿ ಕೊಡುತ್ತದೆ, ಅಷ್ಟು ಸಾಕು. ಎರಡೂ ಎಂಜಿನ್ ಆರಿಸಿ, ಹತ್ತು ಹದಿನೈದು ನಿಮಿಷ ತಣಿಯಲು ಬಿಡಿ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಟ್ಯಾಂಕಿನ ಕೆಳಗಿನ ಕಾಕಿನಿಂದ ಪೈಪ್ ಕಳಚಿ ಬಾಟಲಿಗೆ ಇಳಿಸುವುದು ಸುಲಭ. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್ ಬಗೆಯವು. ಅವುಗಳಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪು ಒತ್ತಡದಿಂದ ಎಂಜಿನ್ನಿಗೆ ತಳ್ಳುವುದರಿಂದ ಆ ಪೈಪಿಗೆ ಕೈ ಹಾಕಬಾರದು. ಟ್ಯಾಂಕಿನ ಬಾಯಿಂದಲೇ ತೆಗೆಯಬೇಕು, ಅದಕ್ಕೆ ಕೈಯಿಂದ ಒತ್ತುವ ರಬ್ಬರ್ ಬುರುಡೆಯ ಪೈಪು ಬೇಕು. ಪೈಪನ್ನು ಬಾಯಲ್ಲಿ ಕಚ್ಚಿ ಎಳೆಯುವ ರೂಢಿಯನ್ನು ದಯವಿಟ್ಟು ಬಿಡಿ. ಒಂದು ಗುಟುಕು ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೂ ಪ್ರಾಣಾಪಾಯದ ಉರಿಯೂತವಾಗುತ್ತದೆ, ವಾಂತಿ ಮಾಡಿಸಿದರೆ ಅದು ಇನ್ನಷ್ಟು ಕೆಡುತ್ತದೆ. ಬುರುಡೆಯ ಪೈಪು ಇಲ್ಲದಿದ್ದರೆ ಅವರನ್ನು ಹಿಂದೆ ಕೂರಿಸಿಕೊಂಡು ಪಂಪಿಗೆ ಹೋಗಿಬನ್ನಿ. ಪೆಟ್ರೋಲಿನ ಬೆಲೆಯನ್ನು ಅವರು ಕೊಟ್ಟರೆ ತೆಗೆದುಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬೇಡ.

ಬ್ಯಾಟರಿ ಇಳಿದಿದ್ದರೆ ತಳ್ಳಿ ಚಾಲೂ ಮಾಡುವುದು ಮೊದಲ ಯತ್ನ: ಕೀಲಿ ತಿರುಗಿಸಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದು ತಳ್ಳಿ, ವೇಗ ಬಂದಾಗ ಕ್ಲಚ್ ಬಿಡುವುದು. ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಕೇಳದಿದ್ದರೆ ಇಂಜೆಕ್ಷನ್ ಗಾಡಿ ಎಷ್ಟು ತಳ್ಳಿದರೂ ಚಾಲೂ ಆಗುವುದು ಕಷ್ಟ. ಆಗ ಜಂಪರ್ ವಯರ್ ಬೇಕು. ಎರಡೂ 12 ವೋಲ್ಟ್ ಎಂದು ಖಚಿತಪಡಿಸಿಕೊಂಡು ಕೆಂಪನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಬಳಿಕ ಒಳ್ಳೆಯದರ ಪ್ಲಸ್‌ಗೆ, ಕಪ್ಪನ್ನು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿಯನ್ನು ಕೆಟ್ಟ ಗಾಡಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ ಜೋಡಿಸಿ. ಬಿಚ್ಚುವುದು ಇದರ ತಿರುವು ಕ್ರಮದಲ್ಲಿ, ಕೊನೆಗೆ ಜೋಡಿಸಿದ್ದು ಮೊದಲು.

ಏನೂ ಆಗದಿದ್ದರೆ ಹಗ್ಗ ಕಟ್ಟಿ ಎಳೆಯಬೇಡಿ. ಎರಡು ಚಕ್ರದ ಗಾಡಿಯನ್ನು ಇನ್ನೊಂದು ಎಳೆಯುವಾಗ ಹಗ್ಗ ಒಮ್ಮೆ ಸಡಿಲಾಗಿ ಬಿಗಿದರೆ ಇಬ್ಬರೂ ಬೀಳುತ್ತಾರೆ. ಸರಕು ಸಾಗಿಸುವ ಟಂಟಂ ಅಥವಾ ಪಿಕಪ್ ಹತ್ತಿರದ ಊರಲ್ಲಿ ಸಿಗುತ್ತದೆ. ನೀವು ಹೋಗಿ ಕರೆತನ್ನಿ.

5. ಮನುಷ್ಯನಿಗೇ ತೊಂದರೆಯಾಗಿದ್ದರೆ

ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ದಪ್ಪ ಜಾಕೆಟ್ ತೊಟ್ಟ ದೂರದ ಸವಾರರಿಗೆ ಅದರ ಅಂದಾಜು ಇರುವುದಿಲ್ಲ. ತಲೆಸುತ್ತು, ವಾಕರಿಕೆ ಇದ್ದರೆ ನೆರಳಿಗೆ ಕರೆತಂದು ಜಾಕೆಟ್ ಬಿಚ್ಚಿಸಿ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಾತು ತೊದಲುತ್ತಿದ್ದರೆ, ಎಲ್ಲಿದ್ದೇನೆಂದು ತಿಳಿಯದಂತಿದ್ದರೆ ಅದು ಬಿಸಿಲಾಘಾತ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಬಿದ್ದು ಪೆಟ್ಟಾಗಿದ್ದರೆ, ಉಸಿರಾಟಕ್ಕೆ ಅಡ್ಡಿಯಾಗದ ಹೊರತು ಹೆಲ್ಮೆಟ್ ತೆಗೆಯಬೇಡಿ, ಎಬ್ಬಿಸಿ ಕೂರಿಸಬೇಡಿ. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ನಮ್ಮ ಅವಸರವೇ ಅವರನ್ನು ಜೀವನಪೂರ್ತಿ ಮಲಗಿಸಬಹುದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕರೆ ಮಾಡುವಾಗ ಜಾಗ ಹೇಳುವುದೇ ಕಷ್ಟ. ರಸ್ತೆಬದಿಯ ಕಿಲೋಮೀಟರ್ ಕಲ್ಲನ್ನು ನೋಡಿ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಅದರ ಮೇಲಿನ ಊರಿನ ಹೆಸರು, ದೂರ ಎರಡನ್ನೂ ಹೇಳಿದರೆ ಆಂಬ್ಯುಲೆನ್ಸಿನವರಿಗೆ ದಾರಿ ತಿಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಹಾಯವಾಣಿ ಕೂಡ ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಈ ಮೂರು ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳು.

ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆಯಿಂದ ಹಿಂಜರಿಯುವವರು ಇನ್ನೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಕೊಡುವಂತೆ ನಿಮ್ಮನ್ನು ಬಲವಂತಪಡಿಸುವಂತಿಲ್ಲ.

6. ದಾರಿಯ ಸುದ್ದಿ ಕೊಟ್ಟು ತೆಗೆದುಕೊಳ್ಳಿ

"ಮುಂದೆ ರಸ್ತೆ ಹೇಗಿದೆ?" ಎಂಬ ಪ್ರಶ್ನೆಗೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ಬರುತ್ತದೆ. ಕೊನೆಯ ಪೆಟ್ರೋಲ್ ಪಂಪ್ ಎಲ್ಲಿ ಕಂಡಿರಿ, ಎಷ್ಟು ಹೊತ್ತಿನ ಹಿಂದೆ ಸೇತುವೆ ದಾಟಿದಿರಿ, ನೀರು ಎಷ್ಟಿತ್ತು, ರಾಶಿ ಕಾಯಲು ರಸ್ತೆಯ ಮೇಲಿಟ್ಟ ಕಲ್ಲುಗಳು ಎಲ್ಲಿವೆ ಎಂದು ಬಿಡಿಬಿಡಿಯಾಗಿ ಕೇಳಿ. ಮಳೆಗಾಲದಲ್ಲಿ ಸೇತುವೆಯ ಸುದ್ದಿಯೇ ಮುಖ್ಯ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದಿದ್ದರೂ ಭೀಮೆ ಏರುತ್ತದೆ, ತಗ್ಗಿನ ಸೇತುವೆಗಳು ಮುಳುಗುತ್ತವೆ; 2020ರ ಅಕ್ಟೋಬರಿನ ಪ್ರವಾಹವನ್ನು ಈ ಭಾಗದವರು ಮರೆತಿಲ್ಲ. ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯದೂ ಇದೇ ಗತಿ. ಬೆಳಿಗ್ಗೆ ದಾಟಿ ಬಂದವರ ಮಾತನ್ನು ಸಂಜೆಗೆ ನಂಬಬೇಡಿ, ನದಿಯ ದಂಡೆಯ ಊರಿನಲ್ಲಿ ಮತ್ತೊಮ್ಮೆ ಕೇಳಿ.

ಹೊರದೇಶದ ಸವಾರರಾಗಿದ್ದರೆ ಅವರಿಗೆ ಒಂದು ವಿಷಯ ತಿಳಿಸಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ, ರೂಢಿಯಲ್ಲಿ ಇದನ್ನು ಸಿ ಫಾರ್ಮ್ ಎನ್ನುತ್ತಾರೆ. ತಾಲ್ಲೂಕು ಊರುಗಳ ಸಣ್ಣ ಲಾಡ್ಜುಗಳಿಗೆ ಇದರ ರೂಢಿಯಿಲ್ಲದೆ ಕತ್ತಲಾದ ಮೇಲೆ ಕೋಣೆ ಇಲ್ಲವೆನ್ನಬಹುದು. ಕಲಬುರಗಿ ಅಥವಾ ಬೀದರ್ ನಗರವನ್ನು ಬೆಳಕಿರುವಾಗಲೇ ಮುಟ್ಟುವುದು ಕ್ಷೇಮ. ಅವರನ್ನು ನಿಮ್ಮ ಮನೆಗೆ ಕರೆದೊಯ್ದರೂ ಈ ನಿಯಮ ನಿಮಗೆ ಅನ್ವಯಿಸುತ್ತದೆ.

7. ಒಂದಿಷ್ಟು ದೂರ ಜೊತೆಯಾಗಿ ಸಾಗುವುದಾದರೆ

ನಿಧಾನದ ಸವಾರ ಮುಂದಿರಲಿ; ಟ್ಯಾಂಕ್ ಚಿಕ್ಕದಿರುವ ಗಾಡಿಯ ಲೆಕ್ಕಕ್ಕೆ ಪಂಪುಗಳನ್ನು ಆರಿಸಿ. ಒಬ್ಬರು ದಾರಿಯ ಎಡಕ್ಕೆ, ಇನ್ನೊಬ್ಬರು ಸ್ವಲ್ಪ ಹಿಂದೆ ಬಲಕ್ಕೆ ಇದ್ದು, ನಡುವೆ ಎರಡು ಸೆಕೆಂಡಿನ ಅಂತರ ಇಟ್ಟುಕೊಳ್ಳಿ. ದೂಳಿನಲ್ಲಿ ಆ ಅಂತರ ಎರಡು ಪಟ್ಟಾಗಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಹೊರಡುವ ಮೊದಲೇ ಒಂದು ಚಹಾದಂಗಡಿ ಅಥವಾ ಬಸ್ ನಿಲ್ದಾಣವನ್ನು ಹೆಸರಿಸಿ. ಅವರ ವೇಗ ನಿಮಗೆ ಒಗ್ಗದಿದ್ದರೆ ಅಲ್ಲಿಯೇ ಸ್ಪಷ್ಟವಾಗಿ ಹೇಳಿ ಬೇರೆಯಾಗಿ. ಅಪರಿಚಿತನ ವೇಗಕ್ಕೆ ಸರಿಗಟ್ಟಲು ಹೋಗಿ ತಿರುವಿನಲ್ಲಿ ಬಿದ್ದವರ ಪತ್ರಗಳೂ ನನಗೆ ಬಂದಿವೆ.

8. ಬೀಳ್ಕೊಡುವಾಗ

ಫೋನ್ ಸಂಖ್ಯೆ ಬೇಕೆನಿಸಿದರೆ ನಿಮ್ಮದನ್ನು ಕೊಡಿ, ಅವರದನ್ನು ಕೇಳಬೇಡಿ. ಬೇಕಿದ್ದರೆ ಊರು ಮುಟ್ಟಿದ ಮೇಲೆ ಅವರೇ ತಿಳಿಸುತ್ತಾರೆ. ಸರಿಪಡಿಸಿದ ಗಾಡಿ ಚಾಲೂ ಆಗಿ ಒಂದು ಫರ್ಲಾಂಗ್ ಹೋಗುವವರೆಗೆ ನಿಂತು ನೋಡಿ, ಪಂಕ್ಚರ್ ಆಗಿದ್ದ ಟೈರಿನ ಗಾಳಿಯನ್ನು ಮುಂದಿನ ಊರಲ್ಲಿ ಮತ್ತೆ ಪರೀಕ್ಷಿಸಲು ಹೇಳಿ. ಕಿತ್ತ ಮುಳ್ಳು, ಕತ್ತರಿಸಿದ ವಯರ್, ಖಾಲಿ ಬಾಟಲಿ ಹೊಲದ ಬದುವಿಗೆ ಬೀಳದಿರಲಿ. ಕೆಟ್ಟ ಗಾಡಿಯ ಹಿಂದೆ ಎಚ್ಚರಿಕೆಗೆಂದು ಕಲ್ಲುಗಳನ್ನು ಇಟ್ಟಿದ್ದರೆ ಅವುಗಳನ್ನು ಒಂದೊಂದಾಗಿ ಎತ್ತಿ ರಸ್ತೆಯಿಂದ ದೂರ ಹಾಕಿ, ಎಣಿಸಿ ನೋಡಿ. ಒಂದು ಉಳಿದರೂ ಕತ್ತಲಲ್ಲಿ ಬರುವ ಸವಾರನಿಗೆ ಅದು ಕಾಣುವುದಿಲ್ಲ. ಸ್ಟ್ಯಾಂಡಿನ ಕೆಳಗಿನ ಪರಸಿಯ ತುಂಡನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.